ಬೆಂಕಿ ಬೀಳದ ದಿನದ ಲೆಕ್ಕ

ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿಯ ದಕ್ಷಿಣ ಭಾಗದಲ್ಲಿ ಸ್ಯಾನ್ ರಮೋನ್, ಡ್ಯಾನ್‌ವಿಲ್ ಎಂಬ ಊರುಗಳಿವೆ. ಬೇ ಏರಿಯಾದಲ್ಲಿ ನೆಂಟರಿಷ್ಟರಿರುವವರಿಗೆ ಈ ಹೆಸರುಗಳು ಹೊಸತಲ್ಲ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಭಾರತೀಯರು, ಅವರಲ್ಲಿ ಕನ್ನಡಿಗರೂ, ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಅದೇ ಕೌಂಟಿಯ ಪೂರ್ವದ ಅಂಚಿನಲ್ಲಿ ಬ್ರೆಂಟ್‌ವುಡ್, ಓಕ್ಲಿ ಇವೆ. ಎರಡೂ ಕಡೆಯವರು ಕಟ್ಟುವ ಮೂಲ ಆಸ್ತಿ ತೆರಿಗೆಯ ದರ ಒಂದೇ, ನೂರಕ್ಕೆ ಒಂದು. ಆದರೂ ವರ್ಷಗಟ್ಟಲೆ ಈ ಎರಡು ಕಡೆಯ ಮನೆಗಳಿಗೆ ಬೆಂಕಿಯಿಂದ ಸಿಗುತ್ತಿದ್ದ ರಕ್ಷಣೆ ಒಂದೇ ಆಗಿರಲಿಲ್ಲ. ದಕ್ಷಿಣದಲ್ಲಿ ಠಾಣೆಗಳು ಸುಸಜ್ಜಿತವಾಗಿದ್ದವು. ಪೂರ್ವದಲ್ಲಿ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಪೂರ್ವದ ಸಿಬ್ಬಂದಿಗೆ ಧೈರ್ಯ ಕಡಿಮೆ ಇತ್ತೆಂದಲ್ಲ, ತರಬೇತಿ ಕಳಪೆ ಎಂದೂ ಅಲ್ಲ. ಎರಡೂ ಕಡೆಯವರು ಬೇರೆ ಬೇರೆ ಫೈರ್ ಡಿಸ್ಟ್ರಿಕ್ಟ್‌ಗಳಿಗೆ ಸೇರಿದ್ದರು, ಅಷ್ಟೆ.

ಅಮೆರಿಕದಲ್ಲಿ ಬೆಂಕಿ ಆರಿಸುವುದು ಕೇಂದ್ರದ ಕೆಲಸವೂ ಅಲ್ಲ, ಬಹುಮಟ್ಟಿಗೆ ರಾಜ್ಯದ ಕೆಲಸವೂ ಅಲ್ಲ. ದೊಡ್ಡ ನಗರಗಳು ತಮ್ಮದೇ ಅಗ್ನಿಶಾಮಕ ದಳವನ್ನು ಸಾಕಿಕೊಳ್ಳುತ್ತವೆ. ನಗರದ ಹೊರಗಿನ ಬಡಾವಣೆಗಳು, ಹಳ್ಳಿಗಳು, ತೋಟದ ಸೀಮೆಗಳು ಸೇರಿ ಈ ಒಂದೇ ಕೆಲಸಕ್ಕಾಗಿ ಒಂದು ಪುಟ್ಟ ಸರ್ಕಾರ ಕಟ್ಟಿಕೊಳ್ಳುತ್ತವೆ. ಅದೇ ಫೈರ್ ಡಿಸ್ಟ್ರಿಕ್ಟ್. ದೇಶದಲ್ಲಿ ಇಂಥವು ಸುಮಾರು ಆರು ಸಾವಿರ ಇವೆ. ಪ್ರತಿಯೊಂದಕ್ಕೂ ತನ್ನದೇ ಗಡಿ, ತನ್ನದೇ ಆಡಳಿತ ಮಂಡಳಿ, ತನ್ನದೇ ತೆರಿಗೆ. ಟೆಕ್ಸಸ್‌ನಲ್ಲಿ ಇದೇ ಕೆಲಸ ಮಾಡುವ ಸಂಸ್ಥೆಗಳು ನೂರು ಡಾಲರ್ ಮೌಲ್ಯದ ಆಸ್ತಿಗೆ ಹತ್ತು ಸೆಂಟ್ ಮೀರಿ ತೆರಿಗೆ ಹಾಕುವಂತಿಲ್ಲ. ಇಲಿನಾಯ್‌ನಲ್ಲಿ 1927ರಿಂದಲೇ ಇದಕ್ಕೆ ಪ್ರತ್ಯೇಕ ಕಾನೂನಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಫೈರ್ ಕಮಿಷನರ್‌ಗಳನ್ನು ಆರಿಸಲು ಪ್ರತಿ ಡಿಸೆಂಬರ್ ತಿಂಗಳ ಎರಡನೇ ಮಂಗಳವಾರ ಚುನಾವಣೆ ನಡೆಯುತ್ತದೆ.

ಇಂಥ ವ್ಯವಸ್ಥೆಯನ್ನು ದೂರದಿಂದ ನೋಡುವವರು ಮೊದಲು ಮರುಳಾಗುವುದು ಕೆಂಪು ಇಂಜಿನ್‌ಗಳಿಗೆ. ಕ್ರೋಮಿಯಂ ಹೊಳಪು, ಆಕಾಶಕ್ಕೇರುವ ಏಣಿ, ಸೈರನ್. ನನ್ನ ವಾದ ಇದಕ್ಕೆ ತದ್ವಿರುದ್ಧ. ಅಗ್ನಿಶಾಮಕ ದಳದ ಯೋಗ್ಯತೆ ಅದರ ಬಳಿ ಯಾವ ವಾಹನ ಇದೆ ಎಂಬುದರಲ್ಲಿಲ್ಲ. ಆ ವಾಹನದ ದಾಖಲೆ ಪುಸ್ತಕದಲ್ಲಿ ಏನು ಬರೆದಿದೆ, ಅದನ್ನು ಯಾರು ಓದುತ್ತಾರೆ, ಓದಿದವರ ಕೈಯಲ್ಲಿ ದುಡ್ಡಿದೆಯೇ ಎಂಬುದರಲ್ಲಿದೆ. ಫೈರ್ ಡಿಸ್ಟ್ರಿಕ್ಟ್‌ಗಳಿಂದ ನಾವು ಕಲಿಯಬೇಕಾದದ್ದೂ ಕಲಿಯಬಾರದ್ದೂ ಎರಡೂ ಈ ಪುಸ್ತಕದ ಸುತ್ತಲೇ ಇವೆ.

ಠಾಣೆಯ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಿ. ಅಮೆರಿಕದ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ನಿಜವಾದ ಬೆಂಕಿಯವು ನೂರಕ್ಕೆ ನಾಲ್ಕು ಮಾತ್ರ. ಮೂರನೇ ಎರಡು ಭಾಗದಷ್ಟು ವೈದ್ಯಕೀಯ ತುರ್ತಿನವು: ಎದೆನೋವು, ಬಿದ್ದು ಸೊಂಟ ಮುರಿದುಕೊಂಡ ಅಜ್ಜಿ, ರಸ್ತೆ ಅಪಘಾತ. ಸ್ಯಾನ್ ರಮೋನ್ ಕಣಿವೆಯ ಡಿಸ್ಟ್ರಿಕ್ಟ್‌ಗೆ ಮುಖ್ಯಸ್ಥರಾಗಿದ್ದ ರಿಚರ್ಡ್ ಪ್ರೈಸ್ ಒಮ್ಮೆ ಉಪಾಹಾರ ಗೃಹದಲ್ಲಿ ಕುಳಿತಿದ್ದಾಗ ತಮ್ಮದೇ ದಳದ ಸೈರನ್ ಕೇಳಿಸಿತು. ವಾಹನ ಬಂದು ನಿಂತದ್ದು ಪಕ್ಕದ ಅಂಗಡಿಯ ಮುಂದೆ. ಒಳಗೆ ಒಬ್ಬರ ಹೃದಯ ನಿಂತಿತ್ತು. ಪ್ರೈಸ್ ಅವರ ಕಾರಿನಲ್ಲೇ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವಿತ್ತು, ಆದರೆ ಗೋಡೆಯಾಚೆಗಿನ ಸಂಗತಿ ಅವರಿಗೆ ಗೊತ್ತಾಗಿರಲಿಲ್ಲ. ಹತ್ತಿರದಲ್ಲಿರುವ, ಸಿಪಿಆರ್ ಬಲ್ಲ ನಾಗರಿಕರಿಗೆ ಫೋನಿನಲ್ಲಿ ಕರೆ ಕಳಿಸುವ ‘ಪಲ್ಸ್‌ಪಾಯಿಂಟ್’ ಆ್ಯಪ್ ಹುಟ್ಟಿದ್ದು ಆ ಘಟನೆಯಿಂದ. ಸಣ್ಣ ಸಂಸ್ಥೆಗೆ ಇರುವ ಚುರುಕುತನ ಇದು. ರಾಜಧಾನಿಯ ಕಡತಕ್ಕೆ ಕಾಯಬೇಕಾಗಿದ್ದಿದ್ದರೆ ಆ ಆ್ಯಪ್ ಇಷ್ಟು ಬೇಗ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಕರೆಗಳ ನಡುವಿನ ಹೊತ್ತಿನಲ್ಲಿ ನಡೆಯುವ ಕೆಲಸ ಇನ್ನೂ ಮುಖ್ಯ, ನೋಡುವವರಿಗೆ ಮಾತ್ರ ಬೇಸರದ್ದು. ಪಾಳಿ ಬದಲಾದ ಕೂಡಲೇ ಬೆಳಗಿನ ತಪಾಸಣೆ. ಟ್ಯಾಂಕಿನಲ್ಲಿ ನೀರು ತುಂಬಿದೆಯೇ, ಉಸಿರಾಟದ ಸಿಲಿಂಡರ್‌ಗಳ ಒತ್ತಡ ಎಷ್ಟಿದೆ, ಗರಗಸ ಮೊದಲ ಎಳೆತಕ್ಕೇ ಸ್ಟಾರ್ಟ್ ಆಗುತ್ತದೆಯೇ. ವರ್ಷಕ್ಕೊಮ್ಮೆ ಹೋಸ್ ಪರೀಕ್ಷೆ ನಡೆಯುತ್ತದೆ. ಇಂಜಿನ್ನಿನಲ್ಲಿ ಮಡಿಸಿಟ್ಟ ನೂರಾರು ಅಡಿ ಹೋಸನ್ನು ಬಿಚ್ಚಿ ಟಾರು ನೆಲದ ಮೇಲೆ ಸಾಲಾಗಿ ಹಾಸುತ್ತಾರೆ. ಹೋಸಿನ ಬಟ್ಟೆ ಲೋಹದ ಕೊಂಡಿಯನ್ನು ಸೇರುವ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾರೆ. ನೀರು ತುಂಬಿ, ಗಾಳಿ ಹೊರಗೆ ಬಿಟ್ಟು, ಒತ್ತಡ ಏರಿಸಿ ಕೆಲವು ನಿಮಿಷ ಹಾಗೇ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಯಾರೂ ಅದರ ಹತ್ತಿರ ಸುಳಿಯುವಂತಿಲ್ಲ. ಒಡೆದ ಹೋಸ್ ಮನುಷ್ಯನ ಕಾಲು ಮುರಿಯಬಲ್ಲದು. ಒತ್ತಡ ಇಳಿಸಿದ ಮೇಲೆ ಗೆರೆ ಕೊಂಡಿಯಿಂದ ಸರಿದಿದ್ದರೆ ಆ ತುಂಡು ಬಳಕೆಯಿಂದ ಹೊರಕ್ಕೆ. ಪ್ರತಿ ತುಂಡಿಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ಇತಿಹಾಸ.

ಪಂಪಿನದ್ದೂ ಹಾಗೆಯೇ. ನಿಮಿಷಕ್ಕೆ 1,500 ಗ್ಯಾಲನ್, ಅಂದರೆ ಸುಮಾರು 5,700 ಲೀಟರ್ ಎಂದು ಕಂಪನಿ ಮುದ್ರೆ ಒತ್ತಿದ ಪಂಪ್ ಪ್ರತಿ ವರ್ಷ ಅದನ್ನು ಮಾಡಿ ತೋರಿಸಬೇಕು: 150 ಪೌಂಡ್ ಒತ್ತಡದಲ್ಲಿ ಪೂರ್ತಿ ನೀರು 20 ನಿಮಿಷ, 200 ಪೌಂಡಿನಲ್ಲಿ ಶೇ 70, 250ರಲ್ಲಿ ಅರ್ಧ. ಬೆಂಕಿಗೆ ತೊಡುವ ಕೋಟು ಪ್ಯಾಂಟುಗಳು ನೋಡಲು ಎಷ್ಟೇ ಗಟ್ಟಿಯಾಗಿರಲಿ, ತಯಾರಾಗಿ ಹತ್ತು ವರ್ಷ ಕಳೆದರೆ ನಿವೃತ್ತಿ. ಅವನ್ನು ಒಗೆಯುವುದಕ್ಕೂ ಈಗ ಠಾಣೆಗಳಲ್ಲಿ ಬೇರೆಯೇ ಯಂತ್ರವಿದೆ. ಹಿಂದೆ ಮಸಿ ಮೆತ್ತಿದ ಕೋಟು ವೀರನ ಗುರುತಾಗಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದ ಮೇಲೆ ಆ ಮಸಿಗೆ ಯಾರೂ ಹೆಮ್ಮೆಪಡುವುದಿಲ್ಲ.

ಈ ನಿಯಮಗಳನ್ನು ಬರೆಯುವುದು ಸರ್ಕಾರವಲ್ಲ, ಎನ್‌ಎಫ್‌ಪಿಎ ಎಂಬ ಖಾಸಗಿ ಸಂಸ್ಥೆ. ಪಾಲಿಸದಿದ್ದರೆ ಬಹಳ ಕಡೆ ಪೊಲೀಸರೇನೂ ಬರುವುದಿಲ್ಲ. ಹಾಗಾದರೆ ಹಳ್ಳಿಯ ಡಿಸ್ಟ್ರಿಕ್ಟ್‌ಗಳೂ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತವೆ? ಒಂದು ಕಾರಣ ವಿಮೆ. ಐಎಸ್‌ಒ ಎಂಬ ವಿಮಾ ಸಲಹಾ ಸಂಸ್ಥೆ ಪ್ರತಿ ಪ್ರದೇಶಕ್ಕೂ 1ರಿಂದ 10ರವರೆಗೆ ದರ್ಜೆ ಕೊಡುತ್ತದೆ. ಒಂದು ಅತ್ಯುತ್ತಮ, ಹತ್ತು ಎಂದರೆ ರಕ್ಷಣೆ ಇಲ್ಲವೆಂದೇ ಲೆಕ್ಕ. ಅಂಕದಲ್ಲಿ ಅಗ್ನಿಶಾಮಕ ದಳಕ್ಕೆ 50, ನೀರಿನ ಪೂರೈಕೆಗೆ 40, ಕರೆ ಸ್ವೀಕರಿಸುವ ವ್ಯವಸ್ಥೆಗೆ 10. ಪಂಪ್ ಪರೀಕ್ಷೆ, ಹೋಸ್ ಪರೀಕ್ಷೆ, ತರಬೇತಿಯ ತಾಸುಗಳು ಎಲ್ಲದಕ್ಕೂ ದಾಖಲೆ ಕೇಳುತ್ತಾರೆ. ಮಾಡಿದ್ದರೂ ಬರೆದಿಡದಿದ್ದರೆ ಅಂಕವಿಲ್ಲ. ದರ್ಜೆ ಕುಸಿದರೆ ಆ ಪ್ರದೇಶದ ಮನೆಗಳ ವಿಮಾ ಕಂತು ಏರಬಹುದು. ಠಾಣೆಯ ರಿಜಿಸ್ಟರಿಗೂ ಮನೆಯೊಡೆಯನ ಜೇಬಿಗೂ ನೇರ ಸಂಬಂಧ ಕಲ್ಪಿಸಿದ ಈ ಏರ್ಪಾಡು ನನಗೆ ಬಹಳ ಜಾಣತನದ್ದೆನಿಸುತ್ತದೆ. ನೈತಿಕ ಪ್ರವಚನಕ್ಕಿಂತ ವಿಮಾ ಬಿಲ್ಲು ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ದುಡ್ಡಿನ ಮಾತಿಗೆ ಬರೋಣ. ಅಮೆರಿಕದಲ್ಲಿ ಒಂದು ಸಾಧಾರಣ ಪಂಪ್ ಇಂಜಿನ್ನಿನ ಬೆಲೆ ಇವತ್ತು ಸುಮಾರು ಹತ್ತು ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಎಂಟು ಕೋಟಿ ರೂಪಾಯಿಗೂ ಮೇಲೆ. ಏಣಿಯ ಟ್ರಕ್ಕಾದರೆ ಅದರ ಎರಡು ಪಟ್ಟು. ಆರ್ಡರ್ ಕೊಟ್ಟು ಮೂರು ನಾಲ್ಕು ವರ್ಷ ಕಾಯುವವರೂ ಇದ್ದಾರೆ. ಹಿಂದೆ ಹತ್ತಾರು ಸಣ್ಣ ಕಂಪನಿಗಳು ಇಂಜಿನ್ ಕಟ್ಟುತ್ತಿದ್ದವು. ಅವನ್ನು ಬಂಡವಾಳಗಾರರು ಒಂದೊಂದಾಗಿ ಕೊಂಡು ಒಟ್ಟುಗೂಡಿಸಿದ ಮೇಲೆ ಮಾರುಕಟ್ಟೆಯ ಬಹುಪಾಲು ಮೂರು ಕಂಪನಿಗಳ ಕೈಗೆ ಹೋಗಿದೆ. 2025ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಈ ಬಗ್ಗೆ ವಿಚಾರಣೆಯನ್ನೂ ನಡೆಸಿತು. ವರ್ಷಕ್ಕೊಂದು ಇಂಜಿನ್ ಕೂಡ ಕೊಳ್ಳದ ಪುಟ್ಟ ಡಿಸ್ಟ್ರಿಕ್ಟ್ ಇಂಥ ಕಂಪನಿಯ ಮುಂದೆ ಏನು ಚೌಕಾಸಿ ಮಾಡೀತು?

ಒಳ್ಳೆಯ ಮಂಡಳಿಗಳು ಇದಕ್ಕೆ ಕಂಡುಕೊಂಡ ದಾರಿ ಸರಳ. ಇಂಜಿನ್ ಬಂದ ದಿನದಿಂದಲೇ ಅದರ ಉತ್ತರಾಧಿಕಾರಿಗೆ ಹಣ ಎತ್ತಿಡುವುದು. ಹದಿನೈದು ವರ್ಷದ ನಂತರ ವಾಹನವನ್ನು ಮೊದಲ ಸಾಲಿನಿಂದ ಮೀಸಲು ಸಾಲಿಗೆ ಸರಿಸಿ, ಇಪ್ಪತ್ತೈದಕ್ಕೆ ಪೂರ್ತಿ ಬಿಡಬೇಕೆಂಬುದು ಅಲ್ಲಿನ ಸಾಮಾನ್ಯ ಸಲಹೆ. ಹಾಗೆ ಲೆಕ್ಕ ಹಾಕಿದರೆ ಮೊದಲ ಸಾಲಿನಲ್ಲಿ ನಾಲ್ಕು ಇಂಜಿನ್ ಇರುವ ಡಿಸ್ಟ್ರಿಕ್ಟ್ ಬೆಲೆ ಏರಿಕೆಯನ್ನು ಬಿಟ್ಟರೂ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಪಕ್ಕಕ್ಕಿಡಬೇಕು. ಆದರೆ ಚುನಾವಣೆಗೆ ನಿಲ್ಲುವವರಿಗೆ ಇದು ಕಷ್ಟದ ಮಾತು. ಖಾತೆಯಲ್ಲಿ ಹಣ ಬಿದ್ದಿದೆ ಎಂದು ಗೊತ್ತಾದರೆ ತೆರಿಗೆ ಇಳಿಸಿ ಎನ್ನುವವರು ಸಭೆಗೆ ಬರುತ್ತಾರೆ. ಹಣ ಇಲ್ಲವೆಂದು ಗೊತ್ತಾಗುವುದು ಇಂಜಿನ್ ಕೆಟ್ಟು ನಿಂತಾಗ. ದೊಡ್ಡ ನಗರಗಳೂ ಇದರಿಂದ ಪಾರಾಗಿಲ್ಲ: 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿಯುವಾಗ ಆ ನಗರದ ಅಗ್ನಿಶಾಮಕ ಇಲಾಖೆಯ ನೂರಕ್ಕೂ ಹೆಚ್ಚು ವಾಹನಗಳು ಮೆಕ್ಯಾನಿಕ್‌ಗಳಿಲ್ಲದೆ ಅಂಗಳದಲ್ಲಿ ನಿಂತಿದ್ದವು.

ಬ್ರೆಂಟ್‌ವುಡ್, ಓಕ್ಲಿಗಳ ಕತೆ ಇದಕ್ಕಿಂತ ಹೆಚ್ಚು ಪಾಠ ಕಲಿಸುವಂಥದ್ದು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರಾಪೊಸಿಷನ್ 13’ ಮೂಲಕ ಆಸ್ತಿ ತೆರಿಗೆಯನ್ನು ನೂರಕ್ಕೆ ಒಂದಕ್ಕೆ ಕಟ್ಟಿಹಾಕಿದರು. ಆ ಒಂದರಲ್ಲಿ ಶಾಲೆಗೆಷ್ಟು, ಕೌಂಟಿಗೆಷ್ಟು, ಫೈರ್ ಡಿಸ್ಟ್ರಿಕ್ಟ್‌ಗೆಷ್ಟು ಎಂಬುದನ್ನು ಮರುವರ್ಷದ ಕಾನೂನು ನಿಗದಿಪಡಿಸಿತು. ಆಧಾರ ಏನು? ಆವರೆಗೆ ಯಾರು ಎಷ್ಟು ಪಡೆಯುತ್ತಿದ್ದರೋ ಅಷ್ಟೇ. ಆಗ ಪೂರ್ವ ಕಾಂಟ್ರಾ ಕೋಸ್ಟಾ ಎಂದರೆ ಹಣ್ಣಿನ ತೋಟ, ಮೆಕ್ಕೆಜೋಳದ ಹೊಲ. ಬೆಂಕಿ ಬಿದ್ದರೆ ಊರಿನ ಸ್ವಯಂಸೇವಕರೇ ಓಡಿಬರುತ್ತಿದ್ದರು. ಖರ್ಚು ಕಡಿಮೆ, ಹಾಗಾಗಿ ಪಾಲೂ ಕಡಿಮೆ. ಆ ಕಡಿಮೆ ಪಾಲು ಕಾನೂನಿನಲ್ಲಿ ಹೆಪ್ಪುಗಟ್ಟಿತು. ಆಮೇಲೆ ತೋಟಗಳ ಜಾಗದಲ್ಲಿ ಸಾಲು ಸಾಲು ಬಡಾವಣೆಗಳೆದ್ದವು. ಸುಮಾರು 250 ಚದರ ಮೈಲಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ತುಂಬಿದರು. ಡಿಸ್ಟ್ರಿಕ್ಟ್‌ಗೆ ಸಿಗುವ ತೆರಿಗೆಯ ಪಾಲು ಮಾತ್ರ ನೆರೆಯ ಡಿಸ್ಟ್ರಿಕ್ಟ್‌ಗಳಿಗೆ ಸಿಗುವುದರ ಅರ್ಧದಷ್ಟೇ ಉಳಿಯಿತು.

2008ರ ಆರ್ಥಿಕ ಕುಸಿತದಲ್ಲಿ ಮನೆಗಳ ಬೆಲೆ ಇಳಿದಾಗ ಬಿರುಕು ಎದ್ದು ಕಂಡಿತು. 2012ರಲ್ಲಿ ಹೆಚ್ಚುವರಿ ತೆರಿಗೆಗೆ ಮತ ಕೇಳಿದರು. ಮೂರನೇ ಎರಡು ಬಹುಮತ ಬೇಕಿತ್ತು, ಸಿಗಲಿಲ್ಲ. ಮುಂದೆ ಬೇರೆ ಬೇರೆ ರೂಪದಲ್ಲಿ ಮತ್ತೆ ಕೇಳಿದರು. ಮತ್ತೆ ಇಲ್ಲ. ಎಂಟು ಠಾಣೆಗಳು ಮೂರಕ್ಕೆ ಇಳಿದವು. ನಡುವೆ ಕೇಂದ್ರದ ಅನುದಾನ ಬಂದಾಗ ಒಂದೆರಡು ತೆರೆದವು, ಅನುದಾನ ಮುಗಿದಾಗ ಮುಚ್ಚಿದವು. ತೆರಿಗೆ ಬೇಡವೆಂದ ಮತದಾರರನ್ನು ಬೈಯುವುದು ಸುಲಭ. ಆದರೆ ಅವರ ವಾದವನ್ನೂ ಕೇಳಬೇಕು. ನಾವು ಪಕ್ಕದವರಷ್ಟೇ ನೂರಕ್ಕೆ ಒಂದು ಕಟ್ಟುತ್ತಿದ್ದೇವೆ, ನಮ್ಮ ಪಾಲು ಎಲ್ಲಿ ಹೋಯಿತು ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಕೊನೆಗೆ 2022ರ ಜುಲೈ 1ರಂದು ಆ ಡಿಸ್ಟ್ರಿಕ್ಟ್ ದೊಡ್ಡದಾದ ಕಾಂಟ್ರಾ ಕೋಸ್ಟಾ ಕೌಂಟಿ ಡಿಸ್ಟ್ರಿಕ್ಟ್‌ನಲ್ಲಿ ವಿಲೀನವಾಯಿತು. ಸ್ವಾಯತ್ತತೆ ಹೋಯಿತು, ಸೇವೆ ಸುಧಾರಿಸುವ ದಾರಿ ತೆರೆಯಿತು.

ಸ್ಥಳೀಯ ಆಡಳಿತವನ್ನು ಕಣ್ಣುಮುಚ್ಚಿ ಹೊಗಳುವವರು ಈ ಕತೆಯನ್ನು ಎದುರಿಸಬೇಕು. ಗಡಿ ಎಳೆದ ದಿನ ಆ ಗಡಿಯೊಳಗೆ ಎಷ್ಟು ಸಂಪತ್ತಿತ್ತೋ ಅದೇ ಡಿಸ್ಟ್ರಿಕ್ಟ್‌ನ ಹಣೆಬರಹವಾಗುತ್ತದೆ. ಬಡ ಗ್ರಾಮೀಣ ಡಿಸ್ಟ್ರಿಕ್ಟ್‌ಗಳ ಸ್ಥಿತಿ ಇನ್ನೂ ಕಷ್ಟ. ಅಲ್ಲಿ ಭಾನುವಾರ ಪ್ಯಾನ್‌ಕೇಕ್ ತಿಂಡಿ ಮಾರಿ ಹೋಸ್ ಕೊಳ್ಳುವ ರೂಢಿ ಇವತ್ತಿಗೂ ಇದೆ. ಇದನ್ನು ಸಮುದಾಯ ಪ್ರೀತಿಯ ಸಂಕೇತವೆಂದು ಬಣ್ಣಿಸುವವರಿದ್ದಾರೆ. ನನಗೆ ಅದು ಸರ್ಕಾರದ ಜಾರಿಕೊಳ್ಳುವಿಕೆಯಾಗಿ ಕಾಣುತ್ತದೆ. ಸ್ವಯಂಸೇವಕರೂ ಕರಗುತ್ತಿದ್ದಾರೆ. 1984ರಲ್ಲಿ ದೇಶದಲ್ಲಿ ಸುಮಾರು 8.97 ಲಕ್ಷ ಇದ್ದವರು 2020ಕ್ಕೆ 6.77 ಲಕ್ಷಕ್ಕೆ ಇಳಿದರು, ಜನಸಂಖ್ಯೆ ಏರುತ್ತಲೇ ಇದ್ದಾಗ. ಹಳ್ಳಿಯಲ್ಲಿ ಕರೆ ಬಂದ 14 ನಿಮಿಷದಲ್ಲಿ ಆರು ಮಂದಿ ಸೇರಬೇಕೆಂಬುದು ಮಾನದಂಡ. ಹಗಲು ಹೊತ್ತಿನಲ್ಲಿ ಎಲ್ಲರೂ ದೂರದ ಪಟ್ಟಣದ ಕೆಲಸದಲ್ಲಿದ್ದರೆ ಆರು ಮಂದಿಯನ್ನು ಎಲ್ಲಿಂದ ತರುವುದು? ಉತ್ತಮ ಇಂಜಿನ್ ಷೆಡ್ಡಿನಲ್ಲೇ ನಿಂತಿರುತ್ತದೆ.

ಸಲಕರಣೆಯ ವಿಷಯದಲ್ಲಿ ಊರಿಗೊಂದು ರೀತಿ ಎಂಬ ಹಟ ಇನ್ನೂ ಅಪಾಯಕಾರಿ. 1904ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್ ನಗರ ಉರಿಯುವಾಗ ವಾಷಿಂಗ್ಟನ್, ಫಿಲಡೆಲ್ಫಿಯಾಗಳಿಂದ ರೈಲಿನಲ್ಲಿ ಇಂಜಿನ್‌ಗಳು ಬಂದವು. ಅವರ ಹೋಸಿನ ಕೊಂಡಿ ಬಾಲ್ಟಿಮೋರಿನ ಹೈಡ್ರಂಟಿಗೆ ಕೂರಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಮರುವರ್ಷವೇ ಎರಡೂವರೆ ಇಂಚಿನ ಏಕರೂಪದ ಮಾನದಂಡ ಬಂತು. ಎಲ್ಲರೂ ಪಾಲಿಸಿದರೇ? 1991ರ ಅಕ್ಟೋಬರಿನಲ್ಲಿ ಓಕ್ಲೆಂಡ್ ಬೆಟ್ಟಗಳಿಗೆ ಬೆಂಕಿ ಬಿದ್ದಾಗ ನೆರವಿಗೆ ಬಂದ ಹೊರಗಿನ ದಳಗಳು ಕಂಡದ್ದು ಮೂರು ಇಂಚಿನ ಹೈಡ್ರಂಟ್‌ಗಳನ್ನು. ಅಡಾಪ್ಟರ್ ಇಲ್ಲದೆ ಹೋಸ್ ಜೋಡಿಸುವಂತಿರಲಿಲ್ಲ. ಆ ಬೆಂಕಿಯಲ್ಲಿ 25 ಜನ ಸತ್ತರು, ಮೂರು ಸಾವಿರದಷ್ಟು ಮನೆಗಳು ಹೋದವು. ಗಾಳಿ, ಒಣ ಗಿಡಗಂಟಿ, ಕಿರಿದಾದ ರಸ್ತೆ ಇವೇ ದೊಡ್ಡ ಕಾರಣಗಳು, ನಿಜ. ಆದರೂ ಬಾಲ್ಟಿಮೋರ್ ಆಗಿ 87 ವರ್ಷದ ನಂತರವೂ ಒಂದು ಊರು ತನ್ನದೇ ಅಳತೆಯನ್ನು ಇಟ್ಟುಕೊಂಡಿತ್ತೆಂದರೆ ಅದಕ್ಕೆ ಸ್ಥಳೀಯತೆ ಎನ್ನಬೇಕೋ ಅಹಂಕಾರ ಎನ್ನಬೇಕೋ.

ಇಷ್ಟಾದರೂ ನಾನು ಫೈರ್ ಡಿಸ್ಟ್ರಿಕ್ಟ್ ಎಂಬ ಕಲ್ಪನೆಯನ್ನು ತಳ್ಳಿಹಾಕುವುದಿಲ್ಲ. ಅದರಲ್ಲಿ ಒಂದು ಅಪರೂಪದ ಗುಣವಿದೆ. ಮಂಡಳಿಯ ಸಭೆ ಸಾರ್ವಜನಿಕ. ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯಿದೆಯ ಪ್ರಕಾರ ಕಾರ್ಯಸೂಚಿಯನ್ನು ಮೂರು ದಿನ ಮೊದಲೇ ಪ್ರಕಟಿಸಬೇಕು. ಯಾವ ಠಾಣೆಯಲ್ಲಿ ಎಷ್ಟು ಕರೆ, ಸರಾಸರಿ ಎಷ್ಟು ನಿಮಿಷಕ್ಕೆ ತಲುಪಿದರು, ಯಾವ ಇಂಜಿನ್ ವರ್ಕ್‌ಶಾಪಿನಲ್ಲಿದೆ, ಹೊಸದಕ್ಕೆ ಹಣ ಎಷ್ಟು ಸೇರಿದೆ ಎಂಬುದನ್ನೆಲ್ಲ ಊರಿನ ಯಾವ ನಿವೃತ್ತ ಮೇಷ್ಟರೂ ಕೂತು ಓದಬಹುದು, ಎದ್ದು ನಿಂತು ಪ್ರಶ್ನೆ ಕೇಳಬಹುದು. ಕೇಳುವವರು ಬಹಳ ಕಡಿಮೆ. ನ್ಯೂಯಾರ್ಕಿನ ಆ ಡಿಸೆಂಬರ್ ಚಳಿಯ ಚುನಾವಣೆಗಳಿಗೆ ಬರುವ ಮತದಾರರೂ ಕಡಿಮೆಯೇ. ಆದರೆ ಪುಸ್ತಕ ತೆರೆದಿದೆ. ಪೂರ್ವ ಕಾಂಟ್ರಾ ಕೋಸ್ಟಾದ ಕೊರತೆ ಜನರಿಗೆ ಗೊತ್ತಾಗಿ, ಚರ್ಚೆಯಾಗಿ, ವಿಲೀನದವರೆಗೆ ಹೋದದ್ದೂ ಪುಸ್ತಕ ತೆರೆದಿದ್ದರಿಂದಲೇ.

ನಮ್ಮಲ್ಲಿ ಏರ್ಪಾಡು ಇದಕ್ಕೆ ತಲೆಕೆಳಗು. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿದೆ. ಮುಂಬೈಯಲ್ಲಿ ಅದು ಮಹಾನಗರ ಪಾಲಿಕೆಯದ್ದೇ. ಕರ್ನಾಟಕದಲ್ಲಿ 1964ರ ಕಾಯಿದೆಯಡಿ ಇಡೀ ರಾಜ್ಯಕ್ಕೆ ಒಂದೇ ಇಲಾಖೆ, ಗೃಹ ಇಲಾಖೆಯ ಅಧೀನ. ಇದನ್ನು ಒಡೆದು ಊರೂರಿಗೆ ಹಂಚಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾದಗಿರಿಯ ಠಾಣೆಗೆ ಜಲವಾಹನ ಬರುವುದು ಯಾದಗಿರಿಯ ಆಸ್ತಿ ತೆರಿಗೆಯನ್ನು ನಂಬಿಕೊಂಡಲ್ಲ. ಹೋಸ್ ಕೊಂಡಿಯ ಅಳತೆ ಬೀದರಿಗೂ ಚಾಮರಾಜನಗರಕ್ಕೂ ಬೇರೆ ಬೇರೆ ಆಗುವ ಭಯವಿಲ್ಲ. ಬ್ರೆಂಟ್‌ವುಡ್ ನಲವತ್ತು ವರ್ಷ ಒದ್ದಾಡಿ ತಲುಪಿದ ಜಾಗದಲ್ಲಿ ನಾವು ಮೊದಲಿಂದಲೂ ಇದ್ದೇವೆ.

ನಮಗಿಲ್ಲದಿರುವುದು ತೆರೆದ ಪುಸ್ತಕ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತ ಮೇಲೆ ಕಟ್ಟಡಗಳ ಬಗ್ಗೆ, ಬೀಗ ಹಾಕಿದ ಮೆಟ್ಟಿಲುಗಳ ಬಗ್ಗೆ ಸಾಕಷ್ಟು ಮಾತಾಯಿತು. 90 ಮೀಟರ್ ಎತ್ತರಕ್ಕೇರುವ ಏಣಿಯ ವಾಹನವೂ ಬಂತು, ಪತ್ರಿಕೆಗಳಲ್ಲಿ ಚಿತ್ರವೂ ಬಂತು. ಆದರೆ ನಮ್ಮ ಬಡಾವಣೆಗೆ ಹತ್ತಿರದ ಠಾಣೆಯ ಪಂಪ್ ಕೊನೆಯ ಬಾರಿ ಯಾವಾಗ ಪರೀಕ್ಷೆಯಾಯಿತು, ಉಸಿರಾಟದ ಸೆಟ್ಟುಗಳು ಎಷ್ಟಿವೆ, ಮಂಜೂರಾದ ಹುದ್ದೆಗಳಲ್ಲಿ ಖಾಲಿ ಎಷ್ಟು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಎಂದಾದರೂ ಕೇಳಿದ್ದೇವೆ? 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿತು. ಜಲವಾಹನಕ್ಕೂ ಅದರ ಬಿಸಿ ತಟ್ಟಿತು. ಅದು ಅಧಿಕಾರಿಯ ಜೀಪಿನಂತೆ ದಿನಾ ಓಡುವ ಗಾಡಿಯಲ್ಲ. ಅದರ ಆಯಸ್ಸನ್ನು ಅಳೆಯಬೇಕಾದದ್ದು ಪಂಪಿನ ಪರೀಕ್ಷೆಯಿಂದ, ಕ್ಯಾಲೆಂಡರಿನಿಂದಷ್ಟೇ ಅಲ್ಲ. ಹಳೆಯದನ್ನು ಮೀಸಲಿಗೆ ಸರಿಸುವ ಮಧ್ಯದ ಮೆಟ್ಟಿಲೇ ಈ ನಿಯಮದಲ್ಲಿಲ್ಲ. ಪ್ರತಿ ವಾಹನದ ಪರೀಕ್ಷಾ ದಾಖಲೆ ಸಾರ್ವಜನಿಕವಾಗಿದ್ದಿದ್ದರೆ ಈ ಬಗ್ಗೆ ಆಧಾರ ಹಿಡಿದು ವಾದಿಸಬಹುದಿತ್ತು. ಈಗ ಇಲಾಖೆಯೊಳಗಿನವರು ಮಾತ್ರ ವಾದಿಸಬಲ್ಲರು, ಅವರು ಬಾಯಿ ಬಿಡುವಂತಿಲ್ಲ.

ಖರೀದಿ, ತರಬೇತಿ, ಮಾನದಂಡ ರಾಜ್ಯದ ಕೈಯಲ್ಲೇ ಇರಲಿ. ಠಾಣೆವಾರು ಲೆಕ್ಕ ಮಾತ್ರ ಊರಿನವರ ಕಣ್ಣಿಗೆ ಬೀಳಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ತೆರಿಗೆಯೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಂ, ಯಾರೂ ಅರ್ಜಿ ಹಾಕದೆಯೇ ಇಲಾಖೆಗಳು ತಾವಾಗಿ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. ಪ್ರತಿ ಅಗ್ನಿಶಾಮಕ ಠಾಣೆಯ ವಾಹನಗಳ ವಯಸ್ಸು, ಪಂಪ್ ಮತ್ತು ಹೋಸ್ ಪರೀಕ್ಷೆಯ ದಿನಾಂಕ, ಕರೆಯಿಂದ ಸ್ಥಳ ತಲುಪಲು ಹಿಡಿದ ಸಮಯ, ಖಾಲಿ ಹುದ್ದೆ ಈ ನಾಲ್ಕನ್ನು ತಿಂಗಳಿಗೊಮ್ಮೆ ಠಾಣೆಯ ಗೋಡೆಗೂ ಇಲಾಖೆಯ ಜಾಲತಾಣಕ್ಕೂ ಹಾಕಲು ಒಂದು ಸುತ್ತೋಲೆ ಸಾಕು. ಆ ಸುತ್ತೋಲೆ ಬರುವವರೆಗೆ ಕಾಯಬೇಕಿಲ್ಲ. ಹತ್ತು ರೂಪಾಯಿಯ ಅರ್ಜಿಯಲ್ಲಿ ಇವನ್ನು ನೀವೇ ಕೇಳಬಹುದು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕಾದದ್ದು ಅವರ ಕರ್ತವ್ಯ.